ಟಾರ್ಚ್ ಸೆಟ್ಟಿನ ಪಾಲು

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ಬಿಸ್ಕತ್ ಡಬ್ಬಿ ಇದೆ. ನಾನು ಇಷ್ಟು ವರ್ಷ ಒತ್ತಿ, ಉಜ್ಜಿ, ಬೀಳಿಸಿ, ಒರೆಸಿ ಸವೆಸಿದ ಮೊಬೈಲುಗಳೆಲ್ಲ ಅದರಲ್ಲಿ ಮಲಗಿವೆ. ಗುಜರಿಯವನು ಬಂದಾಗಲೆಲ್ಲ ನನ್ನ ಗಂಡ ಆ ಡಬ್ಬಿಯ ಕಡೆ ಕಣ್ಣು ಹಾಯಿಸುತ್ತಾರೆ, ನಾನು ಅವರ ಕಡೆ ಕಣ್ಣು ಬಿಡುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅದರಲ್ಲಿ ಒಂದು ಸೆಟ್ಟಿನ ಬ್ಯಾಟರಿ ಗುಳಿಯಲ್ಲಿ ಈಗಲೂ ಎರಡು ಕುಚ್ಚಲಕ್ಕಿ ಕಾಳು ಅಂಟಿಕೊಂಡಿವೆ. ಆ ಸೆಟ್ಟಿನ ಕತೆ ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ಉಳಿದವುಗಳ ಜೊತೆ ಹೋಲಿಸದೆ ಹೇಳಿದರೆ ಅದರ ಬೆಲೆ ಯಾರಿಗೂ ತಿಳಿಯುವುದಿಲ್ಲ.

ಈಗ ಹೊಸ ಫೋನು ಬಂತೆಂದರೆ ಸಾಕು, ಯಾರಾದರೊಬ್ಬರು ವಿಡಿಯೊದಲ್ಲಿ ಮೇಜಿನ ಮುಂದೆ ಕುಳಿತು ಅದನ್ನು ಮಗು ಹಿಡಿದ ಹಾಗೆ ಹಿಡಿದುಕೊಂಡು ವರ್ಣಿಸುತ್ತಾರೆ. ಕ್ಯಾಮರಾ ಹೀಗೆ, ಗಾಜು ಹಾಗೆ, ಅಂಚು ಎಷ್ಟು ತೆಳು. ನಾನು ಒಂದನ್ನೂ ಬಿಡದೆ ನೋಡುತ್ತೇನೆ, ನೋಡುತ್ತಲೇ ಬೈಯುತ್ತೇನೆ. ಬಂಗಡೆಯ ಹುರುಪೆ ಅಂಟಿದ ಬೆರಳಲ್ಲಿ ಒತ್ತಿ ನೋಡಿದ್ದೀಯಾ? ಮರಳಲ್ಲಿ ಬಿದ್ದ ಮೇಲೆ ಐದರ ಗುಂಡಿ ಒಳಗೆ ಹೋಗುತ್ತದಾ? ಮುಂದೆ ಕಡಲು ಬೊಬ್ಬೆ ಹೊಡೆಯುವಾಗ, ಹಿಂದೆ ಹೈವೇಯಲ್ಲಿ ಲಾರಿ ಹಾರ್ನ್ ಹೊಡೆಯುವಾಗ ಆಚೆಯವರ ಮಾತು ಕೇಳುತ್ತದಾ? ಅದನ್ನು ಹೇಳು ಮೊದಲು! ಈ ಪರೀಕ್ಷೆಗಳನ್ನೆಲ್ಲ ಮಾಡಿದವಳು ಇಡೀ ಮರವಂತೆಯಲ್ಲಿ ನಾನೊಬ್ಬಳೇ. ಜಂಬ ಅನ್ನುವವರು ಅನ್ನಲಿ, ಸ್ವಲ್ಪ ಜಂಬವೂ ಇದೆ.

ಹುಟ್ಟಿದ್ದು ನಾನು ಕಡಲ ಬದಿಯಲ್ಲಲ್ಲ. ಅಪ್ಪನದು ಬ್ರಹ್ಮಾವರ ಪೇಟೆಯಲ್ಲಿ ಸೈಕಲ್ ಅಂಗಡಿ. ಮೀನು ನನಗೆ ಗೊತ್ತಿದ್ದದ್ದು ಬಟ್ಟಲಿಗೆ ಬಿದ್ದ ಮೇಲೆ ಮಾತ್ರ. ಮದುವೆಯಾಗಿ ಬಂದದ್ದು ಮರವಂತೆಗೆ, ಅದೂ ಕೈರಂಪಣಿಯ ತಂಡೇಲರ ಮನೆಗೆ. ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿ ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಮೀನಿನ ಹಿಂಡನ್ನು ಬಳಸಿ ಬಲೆ ಬಿಡುತ್ತ ಅರ್ಧ ಸುತ್ತು ಹೋಗಿ, ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಆಮೇಲೆ ಊರಿಗೆ ಊರೇ ಎರಡು ಬದಿ ನಿಂತು ಹಗ್ಗ ಎಳೆಯಬೇಕು. ಕೈ ಕಡಿಮೆಯಾದರೆ ಬಲೆ ನಿಧಾನವಾಗುತ್ತದೆ, ಬಲೆ ನಿಧಾನವಾದರೆ ಮೀನು ಜಾಣವಾಗುತ್ತದೆ. ಇದಕ್ಕೆಲ್ಲ ಯಜಮಾನನಾಗಿ, ನೀರಿನ ಬಣ್ಣ ನೋಡಿ ಬಲೆ ಬಿಡಿಸುವವರು ತಂಡೇಲರು. ಅವರು ನನ್ನ ಮಾವ.

ಪಾಲು ಹಂಚುವ ಕ್ರಮವನ್ನು ಮೊದಲ ಸಲ ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಮಾರುವ ಮೀನು ಬುಟ್ಟಿಗೆ ಹೋದ ಮೇಲೆ, ಉಳಿದದ್ದನ್ನು ಮಾವ ತಮ್ಮ ಕೈಯಿಂದಲೇ ಮರಳ ಮೇಲೆ ರಾಶಿ ರಾಶಿಯಾಗಿ ಸಾಲಾಗಿ ಇಡುತ್ತಾರೆ. ಮೊದಲ ರಾಶಿ ಬಲೆಗೆ, ಎರಡನೆಯದು ದೋಣಿಗೆ. ಬಲೆಗೂ ದೋಣಿಗೂ ಮನುಷ್ಯರ ಹಾಗೇ ಪಾಲು! ಆಮೇಲೆ ದೋಣಿಯಲ್ಲಿ ಹೋದವರಿಗೆ, ಆಮೇಲೆ ಹಗ್ಗ ಹಿಡಿದ ಒಬ್ಬೊಬ್ಬರಿಗೂ. ಹೆಂಗಸು, ಗಂಡಸು, ಮುದುಕರು ಎಂಬ ಭೇದವಿಲ್ಲ. ಎಲ್ಲರೂ ತಮ್ಮ ತಮ್ಮ ರಾಶಿಯ ಹಿಂದೆ ಹೋಗಿ ನಿಲ್ಲಬೇಕು. ಬಲೆಯ ರಾಶಿಯ ಹಿಂದೆ ಬಲೆ ನೇಯುವವರು, ದೋಣಿಯ ರಾಶಿಯ ಹಿಂದೆ ದೋಣಿಯವರು. ಎಲ್ಲರೂ ನಿಂತರು ಎಂದು ಕಂಡ ಮೇಲೆ ಮಾವ "ಹ್ಞೂಂ" ಅನ್ನುತ್ತಾರೆ. ಆಗಲೇ ಮೀನಿಗೆ ಕೈ ಹಾಕಬೇಕು.

ಆ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆ ನನಗೆ ಮೊದಲ ವರ್ಷವೇ ಹತ್ತಿತು. ಆಗ ಬಂತು ನೋಡಿ ಮೊಬೈಲು.

ಮೊದಲು ಜನರನ್ನು ಕರೆಯುತ್ತಿದ್ದದ್ದು ಬೈರಾಸಿನಿಂದ. ಮಾವ ಹೆಗಲ ಮೇಲಿನ ಬೈರಾಸನ್ನು, ಅದೇ ಟವೆಲನ್ನು, ತಲೆಯ ಮೇಲೆ ಬೀಸಿ "ಕೂ" ಹಾಕಿದರೆ ಹೈವೇಯ ಹಿಂದಿನ ಹೊಳೆಯಾಚೆಯ ಗದ್ದೆಯವರೂ ಬರುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಹೈವೇಯ ಗಲಾಟೆ ಆ ಕೂಗನ್ನು ತಿನ್ನತೊಡಗಿತ್ತು. ಮುಂಬೈಯ ಹೋಟೆಲಿನಲ್ಲಿದ್ದ ನನ್ನ ಭಾವ ಒಂದು ರಜೆಗೆ ಬಂದಾಗ ತಮ್ಮ ಹಳೆಯ ಸೆಟ್ಟನ್ನು ನಮಗೆ ಕೊಟ್ಟು ಹೋದರು. ಕಪ್ಪು ಬಣ್ಣ, ಅಂಗೈಯಷ್ಟೇ ಉದ್ದ, ನೆತ್ತಿಯ ಮೇಲೆ ಪುಟ್ಟದೊಂದು ಟಾರ್ಚು. ಮನೆಯವರೆಲ್ಲ ಅದನ್ನು ಟಾರ್ಚ್ ಸೆಟ್ಟು ಎಂದೇ ಕರೆದರು. ಗಂಡಸರೆಲ್ಲ ನೀರಿಗೆ ಹೋಗುವವರು, ಅತ್ತೆಗೆ ಅಕ್ಷರ ಕಾಣುತ್ತಿರಲಿಲ್ಲ, ಹೀಗಾಗಿ ಸೆಟ್ಟು ನನ್ನ ಕೈಗೆ ಬಂತು. ಕರೆಯುವ ಕೆಲಸವೂ ಅದರ ಜೊತೆಗೇ ಬಂತು.

ಎಂಥ ಸೆಟ್ಟು ಅದು! ಒಮ್ಮೆ ಚಾರ್ಜಿಗೆ ಹಾಕಿದರೆ ಮತ್ತೆ ಹಾಕಿದ್ದು ಯಾವಾಗ ಎಂಬುದೇ ಮರೆತುಹೋಗುತ್ತಿತ್ತು. ಅಲೆ ತಡೆಯಲು ಹಾಕಿದ ಕಲ್ಲುಗಳ ಮೇಲಿಂದ ಬೀಳಿಸಿದ್ದೇನೆ. ಬೆನ್ನು ಒಂದು ಕಡೆ, ಬ್ಯಾಟರಿ ಒಂದು ಕಡೆ, ಗುಂಡಿಗಳ ಹಾಳೆ ಇನ್ನೊಂದು ಕಡೆ ಹಾರಿದವು. ಹೆಕ್ಕಿ ತಂದು ಜೋಡಿಸಿದರೆ ಏನೂ ಆಗಿಲ್ಲವೆಂಬಂತೆ ಕುಂಯ್ ಎಂದು ಎದ್ದು ಕುಳಿತಿತು. ಅದರಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಬಾವಿ ಮನೆ, ಚಾ ಅಂಗಡಿ, ರಿಕ್ಷಾ ಭಾವ, ದೊಡ್ಡ ಬಾಯಿ ಎಂದು ನಾನೇ ಕಂಡುಹಿಡಿದ ಹೆಸರುಗಳನ್ನು ಹಾಕಿದ್ದೆ. ದೊಡ್ಡ ಬಾಯಿ ಯಾರೆಂದು ಈಗಲೂ ಹೇಳಲಾರೆ. ಪಕ್ಕದ ಮನೆಯಲ್ಲೇ ಇದ್ದಾರೆ.

ಬೇರೆ ಯಾವ ಫೋನಿನಲ್ಲೂ ಇಲ್ಲದ ಒಂದು ಗುಣ ಅದಕ್ಕಿತ್ತು: ನೋಡದೆ ಒತ್ತಬಹುದು. ಕೆಳಗಿನ ಬಾಣ, ಹಸಿರು, ಎರಡು ರಿಂಗು, ಕೆಂಪು. ಮತ್ತೆ ಕೆಳಗಿನ ಬಾಣ. ಕಣ್ಣು ಕಡಲ ಮೇಲೆ, ಹೆಬ್ಬೆರಳು ಗುಂಡಿಯ ಮೇಲೆ. ಎರಡೇ ರಿಂಗು ಏಕೆಂದರೆ ನಮ್ಮದು ಮಿಸ್ಡ್ ಕಾಲಿನ ಕ್ರಮ. ನನ್ನ ನಂಬರು ಎರಡು ಸಲ ಬಡಿದು ನಿಂತಿತೆಂದರೆ ಮೀನು ಬಂದಿದೆ, ಓಡಿ ಬನ್ನಿ ಎಂದರ್ಥ. ಯಾರೂ ಎತ್ತಬಾರದು. ಎತ್ತಿದರೆ ನನ್ನ ಕರೆನ್ಸಿಯೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಒಮ್ಮೆ ಬಾವಿ ಮನೆಗೆ ಮುಂಬೈಯಿಂದ ಬಂದಿದ್ದ ನೆಂಟರೊಬ್ಬರು ಎತ್ತಿ "ಹಲೋ, ಕೌನ್?" ಎಂದು ಗತ್ತಿನಲ್ಲಿ ಕೇಳಿ, ನಾನು ಇಟ್ಟುಬಿಟ್ಟ ಮೇಲೆ ಅವರೇ ತಿರುಗಿ ಮಾಡಿ ವಿಚಾರಣೆ ನಡೆಸಿದ್ದರು. ಅಂದು ಹಗ್ಗ ಎಳೆದವರಿಗೆಲ್ಲ ಚಾ ಅವರ ಲೆಕ್ಕದಲ್ಲಿ ಎಂದು ಮಾವ ತೀರ್ಪು ಕೊಟ್ಟರು. ಆಮೇಲೆ ನಮ್ಮ ಊರಲ್ಲಿ ಯಾವ ನೆಂಟರೂ ಫೋನು ಎತ್ತಿದ್ದು ನನಗೆ ಗೊತ್ತಿಲ್ಲ.

ಎರಡನೆಯದು ಚೀನಾ ಸೆಟ್ಟು. ಅದನ್ನು ನಾನೇ ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಹಟ ಹಿಡಿದು ತೆಗೆಸಿಕೊಂಡೆ. ಎರಡು ಸಿಮ್ಮು, ಬೆನ್ನ ಮೇಲೆ ಸಾಲು ಸಾಲು ಸ್ಪೀಕರು, ಎಳೆದರೆ ಉದ್ದವಾಗುವ ಏರಿಯಲ್ಲು, ಮೈಯೆಲ್ಲ ಬಣ್ಣದ ಲೈಟು. ಹಳೆಯ ನಂಬರು ಒಂದು ಬದಿಯಲ್ಲಿ, ಹೊಸದು ಇನ್ನೊಂದು ಬದಿಯಲ್ಲಿ. ಹೊಸ ನಂಬರು ವ್ಯಾಪಾರಕ್ಕೆ. ಅಷ್ಟರಲ್ಲಿ ನಾನು ಬುಟ್ಟಿ ಹಿಡಿದು ಮೀನು ಮಾರಲೂ ಶುರುಮಾಡಿದ್ದೆ. ಬೈಂದೂರಿನ ಹೋಟೆಲುಗಳು, ಕುಂದಾಪುರದ ಮನೆಗಳು, ಸಾಲಿಗ್ರಾಮದ ಒಂದು ಊಟದ ಮೆಸ್ಸು, ಐಸಿನವರು, ಟೆಂಪೊದವರು, ಎಲ್ಲರೂ ಅದರಲ್ಲಿದ್ದರು. ಬೆಳಿಗ್ಗೆ ಎದ್ದಲ್ಲಿಂದ ಕಿವಿ ಬಿಸಿಯಾಗುವವರೆಗೂ ಮಾತು. ಅದು ಬಡಿಯತೊಡಗಿದರೆ ಹೊಳೆಯಲ್ಲಿ ಸ್ನಾನಕ್ಕಿಳಿದ ಎಮ್ಮೆಯೂ ತಿರುಗಿ ನೋಡುತ್ತಿತ್ತು. ಬಸ್ಸಿನಲ್ಲಿ ಬಡಿದರೆ ಕಂಡಕ್ಟರು "ಹ್ವಾಯ್ ಅಕ್ಕಾ, ಆರ್ಕೆಸ್ಟ್ರಾ ನಿಲ್ಸಿ!" ಅನ್ನುತ್ತಿದ್ದ. ನನಗೆ ಅದೇ ಒಂದು ಸಂಭ್ರಮ.

ಆದರೆ ಅಬ್ಬರ ಜಾಸ್ತಿ, ಬಾಳಿಕೆ ಕಮ್ಮಿ. ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತಿತ್ತು. ಒಂದು ಸೆಕೆಗಾಲದಲ್ಲಿ ಹಪ್ಪಳದ ಹಾಗೆ ಉಬ್ಬಿ ಬೆನ್ನಿನ ಮುಚ್ಚಳವನ್ನೇ ಎಬ್ಬಿಸಿತು. ಉಪ್ಪುಗಾಳಿಗೆ ಬಣ್ಣದ ಲೈಟುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ರಿಪೇರಿ ಅಂಗಡಿಯವನು ಬಿಚ್ಚಿ ನೋಡಿ ಒಳಗಿದ್ದ ಹಸಿರು ತುಕ್ಕನ್ನು ತೋರಿಸಿ, "ಇದ್ರಲ್ಲಿ ಉಪ್ಪಿನ್‌ಕಾಯಿ ಹಾಕಿದ್ರ್ಯಾ?" ಎಂದು ಕೇಳಿದ. ಹಳೆಯ ಸಿಮ್ಮು ಮತ್ತೆ ಟಾರ್ಚ್ ಸೆಟ್ಟಿಗೆ ಹೋಯಿತು.

ಮೂರನೆಯದು ಟಚ್ ಫೋನು, ವ್ಯಾಪಾರದ ನಂಬರು ಇದಕ್ಕೆ ಬಂತು. ಗಂಡ ಪ್ರೀತಿಯಿಂದ ತಂದುಕೊಟ್ಟದ್ದು, ಅದಕ್ಕೇ ಬಾಯಿ ಬಿಟ್ಟು ಬೈಯುವಂತಿರಲಿಲ್ಲ. ಮನೆಯೊಳಗೆ ಅದು ಅಪ್ಪಟ ಚಿನ್ನ. ಮೀನಿನ ಫೋಟೊ ಕಳಿಸಿದರೆ ಬೈಂದೂರಿನ ಹೋಟೆಲಿನವರು ನೋಡಿ ಅಲ್ಲಿಂದಲೇ ಆರ್ಡರು ಹೇಳುವರು. ಅಮ್ಮನ ಮುಖವನ್ನು ಬ್ರಹ್ಮಾವರದಿಂದ ನನ್ನ ಅಡುಗೆಮನೆಗೇ ತರಿಸಿಕೊಂಡೆ. ಮೊದಲ ದಿನ ನಾವಿಬ್ಬರೂ ಮಾತಾಡುವುದು ಬಿಟ್ಟು ನಗುತ್ತ ಕೂತೆವು. ಆದರೆ ಕಡಲ ಬದಿಗೆ ತಂದರೆ ಅದು ಬೇರೆಯೇ ಜಾತಿ. ಬಿಸಿಲಿಗೆ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬೆರಳು ಒದ್ದೆಯಾದರೆ ನಾನು ಒಬ್ಬರನ್ನು ಒತ್ತಿದರೆ ಅದು ಇನ್ನೊಬ್ಬರನ್ನು ಕರೆಯುತ್ತಿತ್ತು. ಮೊಣಕೈಯಿಂದ ಒತ್ತಿದೆ, ಮೂಗಿನಿಂದ ಒತ್ತಿದೆ. ಮೂಗಿನಿಂದ ಒತ್ತಿದ್ದನ್ನು ಹೈವೇ ಬದಿ ಕಾರು ನಿಲ್ಲಿಸಿದ್ದ ಪ್ರವಾಸಿಗರೊಬ್ಬರು ಫೋಟೊ ತೆಗೆದುಕೊಂಡು ಹೋದರು.

ಬಲೆಯವರ ವಾಟ್ಸಾಪ್ ಗುಂಪನ್ನೂ ಮಾಡಿದೆ. ಬೆಳಿಗ್ಗೆ ಎಲ್ಲರೂ ಗುಲಾಬಿ ಹೂವು ಕಳಿಸುವರು. ಮೀನು ಬಂತು ಎಂದು ನಾನು ಹಾಕಿದ ಮಾತು ಆ ಹೂವಿನ ರಾಶಿಯ ಅಡಿಯಲ್ಲಿ ಕೊಳೆಯುವುದು. ಸಂಜೆ ಯಾರೋ ಅದನ್ನು ನೋಡಿ ಹೆಬ್ಬೆರಳು ಎತ್ತಿ ಕಳಿಸುವರು. ಹೆಬ್ಬೆರಳು ಅಲ್ಲಿ ಎತ್ತುವುದಲ್ಲ ಮಹಾರಾಯರೇ, ಹಗ್ಗಕ್ಕೆ ಹಾಕುವುದು!

ಇಷ್ಟಾದರೂ ಕರೆಯುವ ಕೆಲಸ ನಾನು ಬಿಡಲಿಲ್ಲ. ಬಲೆಗೆ ಟಾರ್ಚ್ ಸೆಟ್ಟು, ವ್ಯಾಪಾರಕ್ಕೆ ಟಚ್ ಫೋನು ಎಂದು ಎರಡನ್ನೂ ಹೊತ್ತು ತಿರುಗಿದೆ. ಜನ ಬಂದು ಹಗ್ಗ ಹಿಡಿಯುವ ಹೊತ್ತಿಗೆ ನಾನು ಐಸಿನವರನ್ನು, ಟೆಂಪೊದವರನ್ನು ಹಿಡಿಯುತ್ತಿರುತ್ತಿದ್ದೆ. ಬಲೆ ದಡಕ್ಕೆ ಬಂದಾಗಲೂ ನನ್ನ ಕಿವಿಗೆ ಫೋನು ಅಂಟಿಕೊಂಡಿರುತ್ತಿತ್ತು. ಆಮೇಲೆ ಪಾಲಿನ ಸಾಲು. ಬಾವಿ ಮನೆಯವಳು ತನ್ನ ರಾಶಿಯ ಹಿಂದೆ, ಚಾ ಅಂಗಡಿಯವರು ತಮ್ಮ ರಾಶಿಯ ಹಿಂದೆ. ಹಗ್ಗ ಹಿಡಿಯದ ನನಗೆ ರಾಶಿ ಇಲ್ಲ. ಮಾವನ ಪಾಲು, ಗಂಡನ ಪಾಲು ಮನೆಗೆ ಬರುತ್ತಿತ್ತು, ಹೊಟ್ಟೆಗೇನೂ ಕಮ್ಮಿಯಿರಲಿಲ್ಲ. ಆದರೆ ಅಷ್ಟೂ ಜನರನ್ನು ಕರೆದು ನಿಲ್ಲಿಸಿದವಳು ನಾನು, ನಿಲ್ಲಲು ಜಾಗವಿಲ್ಲದವಳೂ ನಾನು. ಅದು ಒಳಗೊಳಗೇ ಚುಚ್ಚುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಮಾವ ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದಾಗ ಉಪ್ಪಿನಕಾಯಿ ಬಡಿಸುತ್ತ ಕೇಳಿಯೇಬಿಟ್ಟೆ.

"ಮಾವ, ಬಲಿಗ್ ಒಂದ್ ಪಾಲ್ ಇತ್ತ್, ದೋಣಿಗ್ ಒಂದ್ ಪಾಲ್ ಇತ್ತ್. ಮೊಬೈಲಿಗೂ ಒಂದ್ ಪಾಲ್ ಇಡ್ಕಲ್ದಾ?"

ಮಾವ ಗಂಜಿಯ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಬಲಿ ನೀರಿಗ್ ಇಳಿತ್ತ್, ಅದ್ಕ್ ಪಾಲ್. ದೋಣಿ ನೀರಿಗ್ ಇಳಿತ್ತ್, ಅದ್ಕೂ ಪಾಲ್. ನಿನ್ನ ಮೊಬೈಲ್ ಇಳಿತ್ತಾ? ನೀರಿಗ್ ಇಳೀದೇ ಇದ್ದದ್ಕೆ ಪಾಲ್ ಇಲ್ಲೆ ಮಗಾ. ಇದ್ ನಾನ್ ಮಾಡ್ದ್ ಕ್ರಮ ಅಲ್ಲ, ಹಿಂದಿನೋರ್ದ್."

"ಹಂಗಾರೆ ನಾಳಿಂದ ಜನ್ರನ್ನ ನೀವೇ ಕರ್ಕಣಿ ಮಾವ. ಬೈರಾಸ್ ಇತ್ತಲೆ," ಎಂದೆ. ಅತ್ತೆ ಒಳಗಿಂದ ಕೆಮ್ಮಿದರು. ನಾನು ಉಪ್ಪಿನಕಾಯಿ ಭರಣಿಯನ್ನು ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದೆ.

ಹಟದಲ್ಲಿ ಮಾವ, ಸೊಸೆ ಇಬ್ಬರೂ ಸಮ. ಮರುದಿನ ಬೈಗೆ ಎಂಬ ಮೀನಿನ ಹಿಂಡು ಬಂತು, ಬೇರೆ ಊರವರು ಬೂತಾಯಿ ಅನ್ನುವುದು ಇದಕ್ಕೇ. ಮಾವ ದಡದಲ್ಲಿ ನಿಂತು ಬೈರಾಸು ಬೀಸಿದರು. ಬೈಕಿನವರು ಕಿವಿಗೆ ವಯರು ಸಿಕ್ಕಿಸಿಕೊಂಡು ಹೋದರು. ರಿಕ್ಷಾ ಭಾವ ತನ್ನ ಫೋನಿನಲ್ಲಿ ತಲೆ ಹುಗಿದುಕೊಂಡಿದ್ದರು. ಕಾರಿನಲ್ಲಿ ಬಂದ ಪ್ರವಾಸಿಗರು ಮಾತ್ರ ಖುಷಿಯಿಂದ ತಿರುಗಿ ಕೈ ಬೀಸಿದರು. ಬೈಗೆ ತನ್ನ ಪಾಡಿಗೆ ಉತ್ತರಕ್ಕೆ ಹೋಯಿತು. ಮಾವ ಬಂದು ಕಾಲು ತೊಳೆದು ಉಂಡರು. ಕೈತಪ್ಪಿದ ಬುಟ್ಟಿಗಳ ಲೆಕ್ಕವನ್ನು ನಾನೂ ಹಾಕಿದೆ. ಆದರೆ ಸೋತೆ ಎನ್ನಲು ಬಾಯಿ ಬರಲಿಲ್ಲ. ಟಾರ್ಚ್ ಸೆಟ್ಟನ್ನು ಮಾತ್ರ ಚಾರ್ಜು ಮಾಡಿ, ಆ ನಂಬರು ಸಾಯದಂತೆ ನೋಡಿಕೊಂಡು ಬುಟ್ಟಿಯ ತಳದಲ್ಲೇ ಇಟ್ಟುಕೊಂಡೆ. ಕೇಳಿದವರಿಗೆ ಅದು ಕರೆಂಟು ಹೋದರೆ ಬೇಕು ಎಂದು ಹೇಳುತ್ತಿದ್ದೆ.

ಆ ವಾರವೇ ಒಂದು ಮಧ್ಯಾಹ್ನ. ಬೈಂದೂರಿಗೆ ಮೀನು ಕೊಟ್ಟು ಬಸ್ಸಿಳಿದೆ. ರೂಢಿಯಂತೆ ಕಡಲ ಕಡೆ ನೋಡಿದೆ. ದಡದಿಂದ ಅಷ್ಟೇನೂ ದೂರವಿಲ್ಲ, ನೀರು ಒಂದು ಕಡೆ ಕಪ್ಪಾಗಿ ಬಿಸಿ ಎಣ್ಣೆಯ ಹಾಗೆ ಚುರುಗುಡುತ್ತಿದೆ. ಮೇಲಿನಿಂದ ಹಕ್ಕಿಗಳು ಒಂದರ ಹಿಂದೊಂದು ಬೀಳುತ್ತಿವೆ. ಬಂಗಡೆ! ಸೈಕಲ್ ಅಂಗಡಿಯವನ ಮಗಳಿಗೆ ನೀರು ನೋಡಿ ಮೀನು ಹೇಳುವಷ್ಟು ಕಣ್ಣು ಬಂದಿತ್ತೆಂದು ನನಗೇ ಗೊತ್ತಿರಲಿಲ್ಲ.

ಮಾವ, ಗಂಡ, ದೋಣಿಯವರು ದೋಣಿಯ ಮರೆಯಲ್ಲಿ ಕಡಲಿಗೆ ಬೆನ್ನು ಹಾಕಿ ಬಲೆ ಹೊಲಿಯುತ್ತಿದ್ದರು. ಓಡಿದೆ. ಕಡಲಿನ ಕಡೆ ಕೈ ತೋರಿಸಿದೆ. ಮಾವ ಎದ್ದು ಒಂದೇ ಒಂದು ಸಲ ನೋಡಿದರು. "ಇಳ್ಸಿ!" ಎಂದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದೋಣಿ ನೀರಿಗೆ ಬಿತ್ತು. ಹಗ್ಗದ ಮೊದಲ ತುದಿಯನ್ನು ದಡದ ತೆಂಗಿನ ಮರಕ್ಕೆ ಬಿಗಿದರು. ಹತ್ತುವ ಮುಂಚೆ ಮಾವ ತಿರುಗಿ ನನ್ನನ್ನು ನೋಡಿದರು. ಜನರನ್ನು ಕರೆ ಎನ್ನಲಿಲ್ಲ. ನಾನೂ ಕರೆಯುತ್ತೇನೆ ಎನ್ನಲಿಲ್ಲ. ದೋಣಿ ಹೋಯಿತು, ದಡದಲ್ಲಿ ನಾನು ಮತ್ತು ಬಲೆ ಹೊಲಿಯಲು ಬಂದಿದ್ದ ಇಬ್ಬರು ಮುದುಕರು ಮಾತ್ರ ಉಳಿದೆವು.

ನನ್ನ ಮುಷ್ಕರ ಬಂಗಡೆಗೆ ಹೇಗೆ ಗೊತ್ತಾಗಬೇಕು? ಕೈಗೆ ಸಿಕ್ಕಿದ್ದು ಟಚ್ ಫೋನು. ಬೆವರಿದ ಬೆರಳಿಗೆ ಮೂರು ಸಲ ಜಾರಿ ನಾಲ್ಕನೆಯ ಸಲಕ್ಕೆ ಬಾವಿ ಮನೆ ಸಿಕ್ಕಿತು. ವ್ಯಾಪಾರದ ನಂಬರಲ್ಲವೇ, ಅವಳು ಎತ್ತಿದಳು.

"ಎಂತ ಹೆಣೆ, ಊಟ ಆಯ್ತಾ?"

"ಮೀನ್ ಬಂದಿತ್! ಬಾ ಬೇಗ!"

"ಎಂತ ಮೀನ್?"

"ಬಂಗ್ಡಿ ಮಾರಾಯ್ತಿ!"

"ದೊಡ್ಡದಾ, ಸಣ್ಣದಾ?"

ನಾನು ಅದನ್ನು ಬುಟ್ಟಿಗೆ ಎಸೆದೆ. ತಳಕ್ಕೆ ಕೈ ಹಾಕಿ ಟಾರ್ಚ್ ಸೆಟ್ಟನ್ನು ಎಳೆದು ತೆಗೆದೆ. ಅಬ್ಬಾ, ಆ ಗುಂಡಿಗಳ ಮೇಲೆ ಹೆಬ್ಬೆರಳು ಕೂತಾಗ ಆದ ಧೈರ್ಯ! ಕೆಳಗಿನ ಬಾಣ, ಹಸಿರು, ಎರಡು ರಿಂಗು, ಕೆಂಪು. ಕೆಳಗಿನ ಬಾಣ, ಹಸಿರು, ಎರಡು ರಿಂಗು, ಕೆಂಪು. ಕಣ್ಣು ದೋಣಿಯ ಮೇಲೇ ಇತ್ತು. ಮಾವ ಎದ್ದು ನಿಂತು ಕೈ ಮಾಡುತ್ತಿದ್ದರು, ಬಲೆ ಬೀಳುತ್ತಿತ್ತು, ಹಕ್ಕಿಗಳು ಬೊಬ್ಬೆ ಹೊಡೆಯುತ್ತಿದ್ದವು. ಒಂದು ಗುಂಡಿಯೂ ತಪ್ಪಲಿಲ್ಲ. ಒಬ್ಬರೂ ಎತ್ತಲಿಲ್ಲ! ಹಳೆಯ ನಂಬರು ಬಡಿದರೆ ಎತ್ತಬಾರದು, ಓಡಬೇಕು ಎಂಬುದು ನಮ್ಮ ಜನರ ಕಾಲಿಗೇ ಗೊತ್ತಿತ್ತು. ಆ ಹೊತ್ತಿನಲ್ಲಿ ನನಗಾದ ಖುಷಿಯನ್ನು ಯಾವ ವಿಡಿಯೊದವರಿಗೆ ಹೇಳಲಿ!

ಅಷ್ಟರಲ್ಲಿ ದೋಣಿ ಸುತ್ತು ಮುಗಿಸಿ ಹಗ್ಗದ ಇನ್ನೊಂದು ತುದಿಯನ್ನು ತಂದಿತು. ತೆರೆ ಜೋರಿತ್ತು, ಹತ್ತಿರ ಬಂದ ದೋಣಿಯನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳುತ್ತಿತ್ತು. ಹಗ್ಗ ಹಿಡಿಯಲು ಯಾರಾದರೂ ನೀರಿಗೆ ಇಳಿಯಬೇಕು. ಜನ ಇನ್ನೂ ಬಂದಿಲ್ಲ, ಮುದುಕರಿಬ್ಬರೂ ಮೊದಲ ತುದಿ ಕಾಯುತ್ತಿದ್ದರು.

"ಹಗ್ಗ ಹಿಡಿ ಮಗಾ!" ಎಂದು ಮಾವ ದೋಣಿಯಿಂದ ಕೂಗಿದರು.

ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದೆ. ಮೊಣಕಾಲು, ಸೊಂಟ, ಆಮೇಲೊಂದು ತೆರೆ ತಲೆಯ ಮೇಲಿಂದಲೇ ಹೋಯಿತು. ಬಾಯಿ ತುಂಬ ಉಪ್ಪು, ಕಣ್ಣು ತುಂಬ ಮರಳು, ಕೈಯಲ್ಲಿ ಮಾತ್ರ ಹಗ್ಗ! ಅದನ್ನು ಹೆಗಲಿಗೆ ಹಾಕಿಕೊಂಡು ದಡದ ಕಡೆ ತಿರುಗಿದಾಗ ಕಂಡದ್ದನ್ನು ಈಗ ನೆನೆದರೂ ಮೈ ನವಿರೇಳುತ್ತದೆ. ಕಲ್ಲುಗಳ ಸಂದಿಯಿಂದ, ತೆಂಗಿನ ಮರಗಳ ನಡುವಿನಿಂದ, ಹೈವೇ ದಾಟಿ, ಹೊಳೆಯ ಬದಿಯಿಂದ ಜನ ಓಡಿ ಬರುತ್ತಿದ್ದಾರೆ. ಚಾ ಅಂಗಡಿಯವರ ಕೈಯಲ್ಲಿ ಇನ್ನೂ ಸೋಸುವ ಬಟ್ಟೆ. ರಿಕ್ಷಾ ಭಾವ ರಿಕ್ಷಾವನ್ನು ಮರಳಿನ ತನಕ ತಂದುಬಿಟ್ಟಿದ್ದಾರೆ. ದೊಡ್ಡ ಬಾಯಿ ಎಲ್ಲರಿಗಿಂತ ಮುಂದೆ, ಬಾಯಿ ಎಲ್ಲಕ್ಕಿಂತ ಮುಂದೆ.

ಎಳೆದೆವು. ನಾನೂ ಎಳೆದೆ, ಆ ಹೊತ್ತಿಗೆ ಐಸಿನವರು, ಟೆಂಪೊದವರು ಯಾರೂ ನೆನಪಿಗೆ ಬರಲಿಲ್ಲ. ಬಲೆಯ ಹೊಟ್ಟೆ ದಡ ಮುಟ್ಟಿದಾಗ ನೀರೇ ಎದ್ದು ಕುಣಿದ ಹಾಗಾಯಿತು. ಬಂಗಡೆ, ಬಂಗಡೆ, ಬರೀ ಬಂಗಡೆ, ಬಿಸಿಲಿಗೆ ಕಣ್ಣು ಕುಕ್ಕುವಷ್ಟು. ಎಲ್ಲರೂ ಕೂಗುತ್ತಿದ್ದರು, ಯಾರು ಏನು ಕೂಗುತ್ತಿದ್ದಾರೆಂದು ಯಾರಿಗೂ ಕೇಳುತ್ತಿರಲಿಲ್ಲ.

ಆಗ ನೆನಪಾಯಿತು. ಸೊಂಟಕ್ಕೆ ಕೈ ಹಾಕಿದೆ. ಸೆಟ್ಟು ಇತ್ತು. ಪರದೆಯ ಒಳಗೆ ನೀರು ಅತ್ತಿಂದಿತ್ತ ಓಡಾಡುತ್ತಿತ್ತು. ಒತ್ತಿದೆ, ಟಾರ್ಚು ಒಮ್ಮೆ ಮಿಣುಕಿತು, ಮತ್ತೆ ಇಲ್ಲ. ಬೆನ್ನು ಬಿಚ್ಚಿದರೆ ಗುಳಿಯಿಂದ ಕಡಲೇ ಸುರಿಯಿತು.

"ಅಯ್ಯೋ, ನನ್ನ ಸೆಟ್!" ಎಂದು ಕೂಗಿದೆ. ಅಷ್ಟು ಬಂಗಡೆಯ ನಡುವೆ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ. ಒಂದು ಹಳೆಯ ಮೊಬೈಲಿಗೆ ಇಷ್ಟು ಅಳುವುದೇ ಎಂದು ಗಂಡ ಸಮಾಧಾನ ಹೇಳಿದರು. ಮನೆಗೆ ಹೋಗಿ ಕುಚ್ಚಲಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರೆ ಸರಿಯಾದೀತು ಎಂದರು. ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮಣ್ಣು, ಕಲ್ಲು, ಹೊಗೆ, ಮೀನಿನ ಎಣ್ಣೆ, ಎಲ್ಲವನ್ನೂ ತಡೆದುಕೊಂಡ ಜೀವ ಅದು. ಉಪ್ಪುನೀರಿನಿಂದ ಮಾತ್ರ ನಾನು ಅದನ್ನು ಇಷ್ಟು ವರ್ಷ ಕಾದಿದ್ದೆ.

ಮಾರುವ ಮೀನು ಬುಟ್ಟಿಗೆ ಹೋಯಿತು. ನಾನು ಕರೆಯದಿದ್ದರೂ ಸುದ್ದಿ ಹೇಗೋ ತಲುಪಿ ಟೆಂಪೊಗಳು ಬಂದವು. ಮಾವ ಪಾಲು ಇಡಲು ಕೂತರು. ಬಲೆಗೊಂದು ರಾಶಿ. ದೋಣಿಗೊಂದು ರಾಶಿ. ಅದರ ಪಕ್ಕದಲ್ಲೇ, ಮನುಷ್ಯರ ಪಾಲು ಶುರುವಾಗುವ ಮುಂಚೆ, ಇನ್ನೊಂದು ರಾಶಿ ಇಟ್ಟರು. ಆಮೇಲೆ ಉಳಿದವರದು. ಎಲ್ಲರೂ ಅವರವರ ರಾಶಿಯ ಹಿಂದೆ ಹೋಗಿ ನಿಂತರು. ಆ ಮೂರನೆಯ ರಾಶಿಯ ಹಿಂದೆ ಮಾತ್ರ ಯಾರೂ ಇಲ್ಲ. ಸತ್ತ ಸೆಟ್ಟು ಹಿಡಿದು ನಾನು ರೂಢಿಯಂತೆ ಬದಿಯಲ್ಲೇ ನಿಂತಿದ್ದೆ.

"ತಂಡೇಲ್ರೇ, ಇದ್ ಯಾರ್ದ್?" ಎಂದು ರಿಕ್ಷಾ ಭಾವ ಕೇಳಿದರು.

ಮಾವ ಗಲ್ಲ ಎತ್ತಿ ನನ್ನ ಕೈಯಲ್ಲಿದ್ದ ಸೆಟ್ಟನ್ನು ತೋರಿಸಿದರು. "ಬಲಿ ನೀರಿಗ್ ಇಳಿತ್, ದೋಣಿ ಇಳಿತ್. ಇವತ್ ಅದೂ ಇಳಿತ್. ಕ್ರಮದಂಗೆ ಪಾಲ್ ಇತ್ತ್."

"ಅದ್ ಸತ್ತೇ ಹೋಯ್ತಲೆ!" ಎಂದರು ದೊಡ್ಡ ಬಾಯಿ. ಎಲ್ಲರೂ ನಕ್ಕರು.

ಮಾವ ನಗಲಿಲ್ಲ. "ಬಲಿ ಹರ್ದ ದಿನ ಬಲಿಗ್ ಪಾಲ್ ಇಡುದಿಲ್ಯಾ ನಾವ್?"

ನಗು ನಿಂತಿತು. ಮಾವ "ಹ್ಞೂಂ" ಅನ್ನಲಿಲ್ಲ. ಸಾಲಿನಲ್ಲಿ ಖಾಲಿ ಜಾಗ ಇರುವವರೆಗೆ ಅವರು ಅನ್ನುವುದೂ ಇಲ್ಲ. ಊರಿಗೆ ಊರೇ ಬಗ್ಗಲು ಕಾಯುತ್ತ ನನ್ನನ್ನೇ ನೋಡುತ್ತಿತ್ತು. ಮಾವ ಬೈರಾಸಿನಿಂದ ಕೈ ಒರೆಸಿಕೊಂಡು, ಗಂಜಿ ಉಣ್ಣುವಾಗಿನ ಅದೇ ದನಿಯಲ್ಲಿ ಹೇಳಿದರು:

"ಪಾಲಿನ್ ಹಿಂದೆ ಯಾರೂ ಇಲ್ಲೆ. ಬಾ, ನಿಲ್ಲ್ ಮಗಾ."

ಒದ್ದೆ ಸೀರೆಯಲ್ಲಿ, ನೀರು ಸೋರುವ ಟಾರ್ಚ್ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಲೆಯವರನ್ನು ದಾಟಿ, ದೋಣಿಯವರನ್ನು ದಾಟಿ ಹೋಗಿ ನನ್ನ ರಾಶಿಯ ಹಿಂದೆ ನಿಂತೆ.

"ಹ್ಞೂಂ," ಎಂದರು ಮಾವ.